ಬಿಡಿ ಯೋಚನೆಗಳಿಗೊಂದು ನೋಟ್‌ಬುಕ್: ಬರೆಯುವುದು ಹೇಗೆ, ಹಳೆಯದನ್ನು ಓದುವುದು ಹೇಗೆ

ಬದುಕಿನ ಬಗ್ಗೆ, ಪ್ರೀತಿಯ ಬಗ್ಗೆ, ಮಾಡುವ ಕೆಲಸದ ಬಗ್ಗೆ ಎಲ್ಲರಿಗೂ ಏನಾದರೂ ಹೊಳೆಯುತ್ತಲೇ ಇರುತ್ತದೆ. ಬಟ್ಟೆ ಮಡಚುವಾಗ, ಎಲ್ಲೋ ಕಾಯುತ್ತಾ ಕೂತಾಗ, ರಾತ್ರಿ ನಿದ್ದೆ ಬರದೆ ಹೊರಳಾಡುವಾಗ. ಬೆಳಿಗ್ಗೆ ಬರೆದುಕೊಂಡರಾಯಿತು ಅಂದುಕೊಳ್ಳುತ್ತೇವೆ. ಬೆಳಿಗ್ಗೆ ಅದು ಇರುವುದಿಲ್ಲ. ಇದ್ದರೂ ರಾತ್ರಿ ಇದ್ದ ಹಾಗೆ ಇರುವುದಿಲ್ಲ. ಇಂಥ ಬಿಡಿ ಯೋಚನೆಗಳನ್ನು ಹಿಡಿದಿಡುವುದು ಹೇಗೆ, ಹಿಡಿದಿಟ್ಟ ಮೇಲೆ ಅವುಗಳ ಜೊತೆ ಏನು ಮಾಡಬೇಕು ಅನ್ನುವುದಕ್ಕೆ ಈ ಬರಹ. ದಿನಚರಿ ಬರೆಯುವ ಅಭ್ಯಾಸ ನಿಮಗೆ ಇರಲಿ ಬಿಡಲಿ, ಇದಕ್ಕೂ ಅದಕ್ಕೂ ಸಂಬಂಧ ಕಡಿಮೆ. ದಿನಚರಿಯಲ್ಲಿ ಪ್ರತಿದಿನಕ್ಕೂ ಲೆಕ್ಕ ಕೊಡಬೇಕು. ಇಲ್ಲಿ ಒಂದು ವಾರ ಪೂರ್ತಿ ಖಾಲಿ ಹೋಗಬಹುದು, ಒಂದೇ ಸಂಜೆ ನಾಲ್ಕೈದು ಟಿಪ್ಪಣಿ ಬರಬಹುದು.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬರೆದದ್ದನ್ನು ಆಮೇಲೆ ತಿದ್ದಬೇಡಿ. ಅದರ ಪಕ್ಕದಲ್ಲಿ ಉತ್ತರ ಬರೆಯಿರಿ. ಇದೊಂದನ್ನು ಪಾಲಿಸಿದರೆ ಉಳಿದದ್ದರಲ್ಲಿ ಹೆಚ್ಚುಕಡಿಮೆ ಆದರೂ ನಡೆಯುತ್ತದೆ.

ಯಾಕೆ ತಿದ್ದಬಾರದು

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಒಡೆದು ಚೂರಾಯಿತು. ಅದರಲ್ಲಿದ್ದ ಏಳು ಜನ ತೀರಿಕೊಂಡರು. ಮರುದಿನ ಬೆಳಿಗ್ಗೆಯೇ ಉಲ್ರಿಕ್ ನೈಸರ್ ಎಂಬ ಮನೋವಿಜ್ಞಾನಿ ವಿದ್ಯಾರ್ಥಿಗಳ ಕೈಗೆ ಪ್ರಶ್ನೆಗಳ ಹಾಳೆ ಕೊಟ್ಟರು. ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಆಗ ಏನು ಮಾಡುತ್ತಿದ್ದಿರಿ, ಹೀಗೆ. ಎರಡೂವರೆ ವರ್ಷ ಕಳೆದ ಮೇಲೆ ಅವರೂ ನಿಕೋಲ್ ಹಾರ್ಶ್ ಅವರೂ ಸೇರಿ, ಆಗ ಸಿಕ್ಕಿದ 44 ಜನರಿಗೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರು. 11 ಜನರ ಉತ್ತರ ಪೂರ್ತಿ ಬೇರೆಯಾಗಿತ್ತು. ತರಗತಿಯಲ್ಲಿದ್ದಾಗ ಯಾರೋ ಬಂದು ಹೇಳಿದರು ಎಂದು ಮೊದಲು ಬರೆದಿದ್ದ ಒಬ್ಬರು, ಈಗ ರೂಮ್‌ಮೇಟ್ ಜೊತೆ ಕೂತು ಟಿವಿಯಲ್ಲಿ ನೋಡಿದೆ ಎನ್ನುತ್ತಿದ್ದರು. ಅದನ್ನು ಹೇಳುವಾಗ ಅವರಿಗೆ ಅನುಮಾನವೇ ಇರಲಿಲ್ಲ. ಮೊದಲು ತಾವೇ ಬರೆದ ಹಾಳೆ ತೋರಿಸಿದಾಗಲೂ ಹಳೆಯ ನೆನಪು ಯಾರಿಗೂ ಮರಳಲಿಲ್ಲ.

ಆ ಹಾಳೆಗಳ ಬಗ್ಗೆ ಸ್ವಲ್ಪ ಯೋಚಿಸಿ. ಅವು ಇಲ್ಲದಿದ್ದರೆ ನೆನಪು ಬದಲಾಗಿದೆ ಅನ್ನುವುದು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ, ಅವರಿಗೂ ಕೂಡ. ನಾವು ಒಂದು ನೆನಪನ್ನು ಹೊರಗೆ ತೆಗೆದಾಗಲೆಲ್ಲ ಅದು ಸ್ವಲ್ಪ ಹೊತ್ತು ಮೆತ್ತಗಾಗಿ, ಮತ್ತೆ ಹೊಸದಾಗಿ ಗಟ್ಟಿಯಾಗಬೇಕಾಗುತ್ತದೆ ಎಂದು 2000ದಲ್ಲಿ ಕರೀಮ್ ನಾದೆರ್ ಮತ್ತು ಅವರ ಜೊತೆಗಾರರು ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ಮೆತ್ತಗಾದ ಆ ಹೊತ್ತಿನಲ್ಲಿ ಬದಲಾವಣೆ ಒಳಗೆ ನುಗ್ಗಬಹುದು. ಅಂದರೆ ನಾವು ತುಂಬಾ ಪ್ರೀತಿಯಿಂದ ಮತ್ತೆ ಮತ್ತೆ ನೆನೆಯುವ ಸಂಗತಿಗಳೇ ನಮಗೆ ಗೊತ್ತಿಲ್ಲದೆ ರೂಪ ಬದಲಿಸಿಕೊಂಡಿರಬಹುದು. ಇದನ್ನು ಓದಿ ಕೆಲವರಿಗೆ ಬೇಸರವಾಗುತ್ತದೆ. ನನಗೆ ಮಾತ್ರ, ಬರೆದಿಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ ಅನ್ನಿಸುತ್ತದೆ.

ತಲೆಯೊಳಗೆ ತಿದ್ದುವ ಕೆಲಸ ತಾನಾಗಿ ನಡೆಯುತ್ತದೆ, ಅದನ್ನು ತಡೆಯೋಕೆ ಆಗಲ್ಲ. ಕಾಗದದ ಮೇಲಾದರೂ ಮೊದಲಿನ ಮಾತು ಮೊದಲಿದ್ದ ಹಾಗೇ ಇರಲಿ. ಎರಡು ವರ್ಷದ ಹಿಂದಿನ ವಾಕ್ಯ ಈಗ ಎಳಸು ಅನ್ನಿಸಬಹುದು, ಮುಜುಗರ ಆಗಬಹುದು. ಹೊಡೆದು ಹಾಕಬೇಡಿ, ಪುಟ ಹರಿಯಬೇಡಿ. ಆವತ್ತು ನಿಮಗೆ ಹಾಗೆ ಅನ್ನಿಸಿತ್ತು ಅನ್ನುವುದಕ್ಕೆ ಅದೊಂದೇ ಸಾಕ್ಷಿ.

ಏನು ಬೇಕು

ಜಾಸ್ತಿ ಏನೂ ಬೇಡ. ಜೇಬಿನಲ್ಲೋ ಚೀಲದಲ್ಲೋ ಹಿಡಿಯುವ ಒಂದು ನೋಟ್‌ಬುಕ್, ಒಂದು ಪೆನ್ನು. ಫೋನಿನಲ್ಲೂ ಬರೆಯಬಹುದು, ಆದರೆ ಅಲ್ಲಿ ತಿದ್ದುವುದು ತೀರಾ ಸುಲಭ ಅನ್ನುವುದು ಮರೆಯಬೇಡಿ. ಫೋನ್ ಆದರೆ ಪ್ರತಿ ಟಿಪ್ಪಣಿಗೂ ಹೊಸ ಫೈಲ್ ಮಾಡಿ, ಹಳೆಯದನ್ನು ಮುಟ್ಟದೆ ಮುಂದೆ ಹೋಗಿ. ಕಾಗದ ಆದರೆ ಬಲಗಡೆ ಪುಟದಲ್ಲಿ ಮಾತ್ರ ಬರೆಯಿರಿ. ಎಡಗಡೆ ಪುಟ ಖಾಲಿ ಬಿಡಿ. ಮುಂದೆ ಉತ್ತರ ಬರೆಯಲು ಜಾಗ ಅದೇ.

ದಿನಾಂಕ ಹಾಕಿ, ವರ್ಷದ ಸಮೇತ. ವರ್ಷ ಯಾಕೆ, ಗೊತ್ತೇ ಇದೆಯಲ್ಲ ಅಂತ ಈಗ ಅನ್ನಿಸುತ್ತದೆ. ಆಮೇಲೆ ಗೊತ್ತಾಗುವುದಿಲ್ಲ. ಅಂದವಾದ, ದುಬಾರಿ ನೋಟ್‌ಬುಕ್ ಬೇಡ. ಅಂಥದ್ದರಲ್ಲಿ ಒಳ್ಳೆಯ ಮಾತನ್ನೇ ಬರೆಯಬೇಕು ಅನ್ನಿಸಿಬಿಡುತ್ತದೆ, ಆಗ ಕೈ ಕಟ್ಟಿಹೋಗುತ್ತದೆ. ಜೀವನಕ್ಕೊಂದು, ಪ್ರೀತಿಗೊಂದು, ಕೆಲಸಕ್ಕೊಂದು ಅಂತ ಬೇರೆ ಬೇರೆ ಪುಸ್ತಕ ಇಡುವ ಆಸೆಯೂ ಬೇಡ. ಎಲ್ಲ ಒಂದೇ ಕಡೆ ಕಲಸಿಕೊಂಡು ಇರಲಿ. ಅಮ್ಮನ ಬಗ್ಗೆ ಬರೆದ ಸಾಲಿನ ಪಕ್ಕದಲ್ಲೇ ಅರ್ಧಕ್ಕೆ ನಿಂತ ಕತೆಯ ಬಗ್ಗೆ ಒಂದು ಸಾಲು ಇದ್ದರೆ, ಎರಡಕ್ಕೂ ಏನೋ ಸಂಬಂಧ ಇದೆ ಅನ್ನುವುದು ಓದುವಾಗ ನಿಮಗೇ ಹೊಳೆಯುತ್ತದೆ. ಬೇರೆ ಬೇರೆ ಪುಸ್ತಕದಲ್ಲಿದ್ದರೆ ಅದು ಹೊಳೆಯುವ ದಾರಿಯೇ ಇಲ್ಲ.

ಹೊಳೆದ ಕೂಡಲೇ ಬರೆಯಿರಿ

ಹರ್ಮನ್ ಎಬ್ಬಿಂಗ್‌ಹಾಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದರು. 1885ರಲ್ಲಿ ಅದು ಪ್ರಕಟವಾಯಿತು. ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಜಾರಿಹೋಗಿತ್ತು. ಆಮೇಲೆ ಮರೆಯುವ ವೇಗ ತಗ್ಗುತ್ತಾ ಬಂತು. ಅರ್ಥ ಇರುವ ಮಾತು ಅಷ್ಟು ಬೇಗ ಹೋಗುವುದಿಲ್ಲ, ನಿಜ. ಆದರೆ ಯೋಚನೆಯ ಸಾರಾಂಶ ಉಳಿದು, ಅದು ಬಂದ ರೀತಿ, ಆಗ ಸಿಕ್ಕಿದ ಆ ಒಂದು ಸರಿಯಾದ ಪದ, ಇವು ಮೊದಲು ಹೋಗುತ್ತವೆ. ಸಾರಾಂಶ ಎಲ್ಲರ ಹತ್ತಿರವೂ ಒಂದೇ ಥರ ಇರುತ್ತದೆ. ನಿಮ್ಮದು ಅನ್ನುವಂಥದ್ದು ಆ ವಿವರದಲ್ಲಿತ್ತು.

ಹಾಗಾಗಿ ಪೂರ್ತಿ ವಾಕ್ಯಕ್ಕೆ ಕಾಯಬೇಡಿ. ಮೂರು ಪದ ಸಾಕು, ಸಂಜೆ ಅದನ್ನು ನೋಡಿ ಬಿಡಿಸಿ ಬರೆಯಬಹುದು. ಆದರೆ ಅದೇ ದಿನ ಬಿಡಿಸಿ. ಎರಡು ದಿನ ಬಿಟ್ಟರೆ ‘ಕಿಟಕಿ, ಕಾಯುವುದು, ಅಲ್ಲ’ ಎಂದು ಬರೆದದ್ದಕ್ಕೆ ಏನರ್ಥ ಅಂತ ನಿಮಗೇ ತಿಳಿಯುವುದಿಲ್ಲ.

ಕಂಡದ್ದನ್ನು ಬರೆಯಿರಿ

ಇದು ಎಲ್ಲಕ್ಕಿಂತ ಕಷ್ಟದ ಭಾಗ. ಬದುಕು, ಪ್ರೀತಿ ಅಂದ ಕೂಡಲೇ ಕೈ ದೊಡ್ಡ ಮಾತಿನ ಕಡೆ ಓಡುತ್ತದೆ. ಬದುಕು ಒಂದು ಪಯಣ, ಪ್ರೀತಿ ಎಂದರೆ ತ್ಯಾಗ, ಕಾಲ ಎಲ್ಲವನ್ನೂ ಮರೆಸುತ್ತದೆ. ಇವು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಯಾರು ಬೇಕಾದರೂ, ಯಾವತ್ತು ಬೇಕಾದರೂ ಬರೆಯಬಹುದಾದ ಸಾಲು ಹತ್ತು ವರ್ಷದ ಮೇಲೆ ನಿಮಗೆ ಏನನ್ನೂ ವಾಪಸ್ ಕೊಡುವುದಿಲ್ಲ.

ಒಂದು ಉದಾಹರಣೆ ನೋಡೋಣ. ಅಪ್ಪನ ಜೊತೆ ಫೋನಿನಲ್ಲಿ ಮಾತಾಡಿದ್ದೀರಿ, ಮನಸ್ಸು ಭಾರವಾಗಿದೆ. ಮೊದಲು ಬರುವ ಸಾಲು: ‘ಅಪ್ಪನಿಗೆ ವಯಸ್ಸಾಗುತ್ತಿದೆ, ಅವರ ಜೊತೆ ಇನ್ನಷ್ಟು ಸಮಯ ಕಳೆಯಬೇಕು.’ ಸರಿ, ಅದನ್ನೂ ಬರೆಯಿರಿ. ಆಮೇಲೆ ಒಂದು ನಿಮಿಷ ನಿಂತು ಕೇಳಿಕೊಳ್ಳಿ, ಇದು ನನಗೆ ಇವತ್ತೇ ಯಾಕೆ ಅನ್ನಿಸಿತು? ಆಗ ಇನ್ನೊಂದು ಬರುತ್ತದೆ: ‘ಸರಿ ಸರಿ, ಇಡ್ತೀನಿ ಅಂದರು. ಇಡಲಿಲ್ಲ. ಉಸಿರು ಕೇಳಿಸುತ್ತಿತ್ತು. ನಾನೇ ಇನ್ನೇನು ಸಮಾಚಾರ ಅಂದೆ. ಏನಿಲ್ಲಪ್ಪ ಅಂದು, ಹೋದ ವಾರ ಹೇಳಿದ್ದನ್ನೇ ಮತ್ತೆ ಹೇಳಿದರು.’ ಮೊದಲ ಸಾಲಿನಲ್ಲಿ ಅಪ್ಪ ಇಲ್ಲ. ಎರಡನೆಯದರಲ್ಲಿ ಇದ್ದಾರೆ. ಅವರಿಗೆ ಫೋನ್ ಇಡಲು ಮನಸ್ಸಿರಲಿಲ್ಲ ಅನ್ನುವುದು ಆ ಉಸಿರಿನಲ್ಲಿ ಇದೆ, ಅದನ್ನು ನೀವು ಬೇರೆಯಾಗಿ ಬರೆಯುವ ಅಗತ್ಯವೇ ಇಲ್ಲ.

‘ಇವತ್ತೇ ಯಾಕೆ’ ಅನ್ನುವ ಆ ಪ್ರಶ್ನೆಯನ್ನು ಅಭ್ಯಾಸ ಮಾಡಿಕೊಳ್ಳಿ. ದೊಡ್ಡ ಮಾತು ಹೊಳೆದಾಗಲೆಲ್ಲ ಅದರ ಹಿಂದೆ ಯಾವುದೋ ಒಂದು ಸಣ್ಣ ಸಂಗತಿ ನಡೆದಿರುತ್ತದೆ. ಯಾರೋ ಏನೋ ಅಂದಿರುತ್ತಾರೆ, ಏನೋ ವಾಸನೆ ಬಂದಿರುತ್ತದೆ, ಕೈಗೆ ಹಳೆಯ ವಸ್ತು ಸಿಕ್ಕಿರುತ್ತದೆ. ವಾಸನೆಯನ್ನಂತೂ ಮರೆಯದೆ ಬರೆಯಿರಿ. ಮೂಗಿನಿಂದ ಹೊರಟ ಸಂಕೇತ, ಭಾವನೆ ಮತ್ತು ನೆನಪನ್ನು ನೋಡಿಕೊಳ್ಳುವ ಮಿದುಳಿನ ಭಾಗಗಳಿಗೆ ತುಂಬಾ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ಅದಕ್ಕೇ ಎಲ್ಲಿಂದಲೋ ತೇಲಿ ಬಂದ ವಾಸನೆಗೆ ಮಗುವಾಗಿದ್ದಾಗಿನ ಒಂದು ಕೋಣೆ ಇದ್ದಕ್ಕಿದ್ದಂತೆ ಕಣ್ಣೆದುರು ನಿಲ್ಲುವುದು.

ಫೋಟೊ ತೆಗೆದುಕೊಂಡಿದ್ದೇನಲ್ಲ, ಬರೆಯುವುದು ಯಾಕೆ ಅಂತ ಕೇಳುವವರಿದ್ದಾರೆ. 2014ರಲ್ಲಿ ಲಿಂಡಾ ಹೆಂಕೆಲ್ ಅವರು ಒಂದು ಅಧ್ಯಯನ ಪ್ರಕಟಿಸಿದರು. ಮ್ಯೂಸಿಯಂನಲ್ಲಿ ಜನರಿಗೆ ಕೆಲವು ವಸ್ತುಗಳ ಫೋಟೊ ತೆಗೆಯಲು ಹೇಳಿದರು, ಕೆಲವನ್ನು ಸುಮ್ನೆ ನೋಡಲು ಹೇಳಿದರು. ಮರುದಿನ ಕೇಳಿದಾಗ, ಫೋಟೊ ತೆಗೆದ ವಸ್ತುಗಳಿಗಿಂತ ಸುಮ್ನೆ ನೋಡಿದವೇ ಚೆನ್ನಾಗಿ ನೆನಪಿದ್ದವು. ಆದರೆ ವಸ್ತುವಿನ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದಾಗ ಈ ನಷ್ಟ ಇರಲಿಲ್ಲ, ತೆಗೆಯದೆ ಬಿಟ್ಟ ಭಾಗವೂ ನೆನಪಿತ್ತು. ಬರೆಯುವವರಿಗೂ ಇದು ಸರಿಹೊಂದುತ್ತದೆ ಅಂತ ನನ್ನ ನಂಬಿಕೆ. ಇಡೀ ದಿನವನ್ನು ಬರೆಯಲು ಹೋಗಬೇಡಿ. ಒಂದು ಕೈ, ಒಂದು ಮಾತು, ಬಾಗಿಲ ಹತ್ತಿರದ ಒಂದು ಕ್ಷಣ, ಅಷ್ಟನ್ನು ಹತ್ತಿರದಿಂದ ಬರೆಯಿರಿ. ಉಳಿದ ದಿನ ಅದರ ಹಿಂದೆಯೇ ಬರುತ್ತದೆ.

ಪ್ರೀತಿಯ ಬಗ್ಗೆ ಬರೆಯುವಾಗ

ಇಲ್ಲಿ ಒಂದು ಎಚ್ಚರಿಕೆ ಬೇಕು. ನಾವು ಪ್ರೀತಿಸುವವರ ಬಗ್ಗೆ ಬರೆಯುವಾಗ ತೀರ್ಪು ತುಂಬಾ ಬೇಗ ಬರುತ್ತದೆ, ಕೋಪದಲ್ಲಿದ್ದಾಗ ಇನ್ನೂ ಬೇಗ. ‘ಅವಳಿಗೆ ನನ್ನ ಮಾತು ಬೇಕಿಲ್ಲ’ ಅನ್ನುವುದು ತೀರ್ಪು. ‘ನಾನು ಹೇಳುತ್ತಿದ್ದಾಗ ಅವಳು ಮತ್ತೆ ಮತ್ತೆ ಬಾಗಿಲ ಕಡೆ ನೋಡಿದಳು’ ಅನ್ನುವುದು ಕಂಡದ್ದು. ತಿಂಗಳು ಬಿಟ್ಟು ಓದಿದಾಗ ಮೊದಲನೆಯದು ಹಳೆಯ ಕೋಪವನ್ನೇ ಮತ್ತೆ ಎಬ್ಬಿಸುತ್ತದೆ. ಎರಡನೆಯದು ಪ್ರಶ್ನೆಗೆ ಜಾಗ ಬಿಡುತ್ತದೆ. ಯಾಕೆ ನೋಡುತ್ತಿದ್ದಳು? ಯಾರಿಗಾದರೂ ಕಾಯುತ್ತಿದ್ದಳಾ? ನಾನು ಕೇಳಿದೆನಾ?

ಜಗಳ ಆದ ಮೇಲೆ ಬರೆಯುವುದಕ್ಕೆ ಒಂದು ಒಳ್ಳೆಯ ಕ್ರಮ ಇದೆ. ಎಲಿ ಫಿಂಕೆಲ್ ಮತ್ತು ಜೊತೆಗಾರರು 120 ದಂಪತಿಗಳನ್ನು ಎರಡು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದದ್ದು ಇದು. ಮೊದಲ ವರ್ಷ ಎಲ್ಲರ ದಾಂಪತ್ಯದ ತೃಪ್ತಿಯೂ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಎರಡನೇ ವರ್ಷ ಅರ್ಧದಷ್ಟು ಜನರಿಗೆ ನಾಲ್ಕು ತಿಂಗಳಿಗೊಮ್ಮೆ ಏಳು ನಿಮಿಷ ಬರೆಯಲು ಹೇಳಿದರು. ವರ್ಷಕ್ಕೆ ಒಟ್ಟು 21 ನಿಮಿಷ, ಅಷ್ಟೇ. ಬರೆದವರಲ್ಲಿ ಇಳಿಕೆ ನಿಂತಿತು, ಬರೆಯದವರಲ್ಲಿ ಮುಂದುವರಿಯಿತು. ಬರೆಯಬೇಕಾದದ್ದು ಇಷ್ಟು: ಇಬ್ಬರಿಗೂ ಒಳ್ಳೆಯದಾಗಲಿ ಎಂದು ಬಯಸುವ ಮೂರನೆಯವರೊಬ್ಬರು ಈ ಜಗಳವನ್ನು ನೋಡಿದ್ದರೆ ಅವರಿಗೆ ಏನು ಕಾಣಿಸುತ್ತಿತ್ತು? ಜಗಳದ ನಡುವೆ ಹಾಗೆ ನೋಡಲು ನನಗೆ ಏನು ಅಡ್ಡ ಬರುತ್ತದೆ? ಮುಂದಿನ ಸಲ ಹಾಗೆ ನೋಡುವುದು ಹೇಗೆ?

ಇದನ್ನು ಹೀಗೆ ಮಾಡಿ. ಜಗಳದ ರಾತ್ರಿ ನಿಮ್ಮ ಕೋಪವನ್ನು ಬಲಗಡೆ ಪುಟದಲ್ಲಿ ಇದ್ದ ಹಾಗೆ ಬರೆಯಿರಿ, ಅಡಗಿಸಬೇಡಿ. ಒಂದು ವಾರ ಬಿಟ್ಟು ಎಡಗಡೆ ಪುಟದಲ್ಲಿ ಆ ಮೂರನೆಯವರ ಕಣ್ಣಿನಿಂದ ಬರೆಯಿರಿ. ಕೋಪದ ಪುಟ ಹಾಗೇ ಇರಲಿ. ಎದುರುಬದುರು ಎರಡೂ ಇದ್ದಾಗ ಕಾಣುವುದು, ಒಂದೇ ಇದ್ದಾಗ ಕಾಣುವುದಿಲ್ಲ.

ಜಗಳ ಇಲ್ಲದ ದಿನಗಳನ್ನೂ ಬರೆಯಿರಿ, ದಯವಿಟ್ಟು. ಜೊತೆಗೆ ಬದುಕುವವರ ಬಗ್ಗೆ ನಾವು ಬರೆಯುವುದು ಬೇಸರ ಆದಾಗ ಮಾತ್ರ. ಖುಷಿಯಲ್ಲಿದ್ದಾಗ ಪೆನ್ನು ನೆನಪಾಗುವುದಿಲ್ಲ. ಹಾಗೆ ಬಿಟ್ಟರೆ ನಾಲ್ಕು ವರ್ಷದ ನೋಟ್‌ಬುಕ್ ಓದಿದವರಿಗೆ ನಿಮ್ಮ ಮನೆಯಲ್ಲಿ ಬರೀ ಜಗಳವೇ ಇತ್ತು ಅನ್ನಿಸುತ್ತದೆ, ಓದುವವರು ನೀವೇ ಆಗಿದ್ದರೂ.

ನೋವಿನ ದಿನಗಳು

ತುಂಬಾ ನೋವಾದದ್ದನ್ನು ಬರೆದರೆ ಒಳ್ಳೆಯದಾ ಕೆಟ್ಟದ್ದಾ? 1986ರಲ್ಲಿ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್, ವಿದ್ಯಾರ್ಥಿಗಳಿಗೆ ತಮ್ಮ ಬದುಕಿನ ಕಹಿ ಘಟನೆಯ ಬಗ್ಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದರು. ಬರೆದ ಕೂಡಲೇ ಅವರಿಗೆ ಹಗುರಾಗಲಿಲ್ಲ, ಮನಸ್ಸು ಇನ್ನೂ ಕುಗ್ಗಿತ್ತು. ಆದರೆ ಘಟನೆಯನ್ನೂ ಅದರ ಬಗ್ಗೆ ತಮಗೆ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಹತ್ತಿರ ಹೋದದ್ದು ಕಡಿಮೆ. ಆಮೇಲೆ ಇಂಥ ಅಧ್ಯಯನಗಳು ಬಹಳ ನಡೆದಿವೆ, ಎಲ್ಲ ಸೇರಿಸಿ ನೋಡಿದರೆ ಲಾಭ ಇದೆ, ಆದರೆ ಸಣ್ಣದು. ಬರೆಯುತ್ತಾ ಹೋದ ಹಾಗೆ ‘ಯಾಕೆಂದರೆ’, ‘ಈಗ ಅರ್ಥವಾಗುತ್ತಿದೆ’ ಎಂಬಂಥ ಮಾತುಗಳು ಯಾರ ಬರಹದಲ್ಲಿ ಹೆಚ್ಚಾದವೋ ಅವರಿಗೆ ಲಾಭ ಜಾಸ್ತಿ ಇತ್ತು ಎಂದು ಪೆನ್ನಿಬೇಕರ್ ಮುಂದೆ ಕಂಡುಕೊಂಡರು.

ಹಾಗಾಗಿ ಅದೇ ನೋವನ್ನು ಅದೇ ಮಾತಿನಲ್ಲಿ ವಾರಗಟ್ಟಲೆ ಬರೆಯುತ್ತಿದ್ದೀರಿ ಅನ್ನಿಸಿದರೆ ನಿಲ್ಲಿಸಿ. ಬೇರೆ ಏನಾದರೂ ಬರೆಯಿರಿ, ಅಥವಾ ಸ್ವಲ್ಪ ದಿನ ಬರೆಯಲೇ ಬೇಡಿ, ಯಾರ ಜೊತೆಗಾದರೂ ಮಾತಾಡಿ. ಆಘಾತ ತೀರಾ ಹೊಸದಾಗಿದ್ದರೆ ಅದನ್ನು ಕೆದಕಿ ಬರೆಯುವ ಒತ್ತಾಯ ಬೇಡ. ನಿದ್ದೆ, ಊಟ ತಪ್ಪುವಷ್ಟು ಕಷ್ಟವಾಗಿದ್ದರೆ ವೈದ್ಯರ ಸಹಾಯ ಪಡೆಯಿರಿ. ನೋಟ್‌ಬುಕ್ ಎಲ್ಲಿಗೂ ಹೋಗುವುದಿಲ್ಲ, ಕಾಯುತ್ತದೆ.

ಏನಾದರೂ ಕಟ್ಟುವವರಿಗೆ

ಕತೆ, ಚಿತ್ರ, ಸಂಗೀತ, ಸಂಶೋಧನೆ, ಯಾವುದೇ ಇರಲಿ, ಹೊಸದನ್ನು ಮಾಡುವವರಿಗೆ ಈ ನೋಟ್‌ಬುಕ್ ದೊಡ್ಡ ಆಸರೆ. ಚಾರ್ಲ್ಸ್ ಡಾರ್ವಿನ್ 1837ರಲ್ಲಿ ತಮ್ಮ ನೋಟ್‌ಬುಕ್ಕಿನ ಒಂದು ಪುಟದ ಮೇಲೆ ‘ನನಗನ್ನಿಸುತ್ತದೆ’ ಎಂದಷ್ಟೇ ಬರೆದು, ಕೆಳಗೆ ಕೊಂಬೆ ಕವಲೊಡೆದ ಒಂದು ಮರದ ಗೀಚು ಚಿತ್ರ ಹಾಕಿದರು. ಜೀವಿಗಳೆಲ್ಲ ಒಂದರಿಂದ ಒಂದು ಕವಲೊಡೆದು ಬಂದವು ಅನ್ನುವ ಯೋಚನೆ ಅದು. ಅದು ಪುಸ್ತಕವಾಗಿ ಹೊರಬಂದದ್ದು 1859ರಲ್ಲಿ. ಗೀಚು ಚಿತ್ರಕ್ಕೂ ಪುಸ್ತಕಕ್ಕೂ ನಡುವೆ 22 ವರ್ಷ. ವಾಕ್ಯ ಪೂರ್ತಿಯಾಗದ ಆ ಪುಟವನ್ನು ಅವರು ನಾಚಿಕೊಂಡು ಹರಿದು ಹಾಕಲಿಲ್ಲ ಅನ್ನುವುದು ನನಗೆ ತುಂಬಾ ಇಷ್ಟ.

ಅವರದೇ ಇನ್ನೊಂದು ಅಭ್ಯಾಸ ಇನ್ನೂ ಉಪಯುಕ್ತ. ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಯಾವುದೇ ಸಂಗತಿ ಕಂಡರೆ ತಪ್ಪದೆ, ಕೂಡಲೇ ಬರೆದುಕೊಳ್ಳುತ್ತಿದ್ದರಂತೆ. ಒಪ್ಪುವ ಸಂಗತಿಗಳಿಗಿಂತ ಒಪ್ಪದವು ಬೇಗ ಮರೆತುಹೋಗುತ್ತವೆ ಎಂದು ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಇದನ್ನು ವಿಜ್ಞಾನಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ. ನಿಮ್ಮ ಕೆಲಸದ ಬಗ್ಗೆ ಯಾರೋ ಹೇಳಿದ, ನಿಮಗೆ ಚುಚ್ಚಿದ ಮಾತು, ಇವರು ಹೀಗೇ ಅಂತ ನೀವು ನಿರ್ಧರಿಸಿಬಿಟ್ಟವರು ಇದ್ದಕ್ಕಿದ್ದಂತೆ ತೋರಿಸಿದ ಒಳ್ಳೆಯತನ, ಇವೆಲ್ಲ ಮರೆತುಹೋಗಲು ಸಿದ್ಧವಾಗಿ ನಿಂತಿರುತ್ತವೆ. ಇವುಗಳಿಗೆ ಮೊದಲ ಸ್ಥಾನ ಕೊಡಿ.

ಅಂದಹಾಗೆ ಇದೇ ಡಾರ್ವಿನ್ 1838ರಲ್ಲಿ ಒಂದು ಕಾಗದದ ಮೇಲೆ ಮದುವೆಯಾದರೆ, ಆಗದಿದ್ದರೆ ಎಂದು ಎರಡು ಪಟ್ಟಿ ಮಾಡಿದರು. ಮದುವೆಯಾದರೆ ಜೊತೆಗೊಬ್ಬರು ಇರುತ್ತಾರೆ, ಆದರೆ ಪುಸ್ತಕಕ್ಕೆ ದುಡ್ಡು ಕಡಿಮೆಯಾಗುತ್ತದೆ, ಸಮಯ ಹಾಳಾಗುತ್ತದೆ, ಹೀಗೆ ಎಲ್ಲ ಬಿಡದೆ ಬರೆದು, ಕೊನೆಗೆ ಮದುವೆಯಾಗಬೇಕು ಎಂದು ತೀರ್ಮಾನಿಸಿದರು. 1839ರ ಜನವರಿಯಲ್ಲಿ ಎಮ್ಮಾ ವೆಜ್‌ವುಡ್ ಅವರ ಕೈ ಹಿಡಿದರು. ಕಾಗದ ಇವತ್ತಿಗೂ ಉಳಿದಿದೆ. ದೊಡ್ಡ ತೀರ್ಮಾನದ ಹೊಸ್ತಿಲಲ್ಲಿ ನಿಂತಾಗ ನಿಮ್ಮ ಮನಸ್ಸಿನ ಎರಡೂ ಪಟ್ಟಿ ಬರೆದಿಡಿ. ತೀರ್ಮಾನ ಆದ ಮೇಲೆ ಸೋತ ಪಟ್ಟಿಯನ್ನು ಮನಸ್ಸು ಬೇಗ ಅಳಿಸಿಬಿಡುತ್ತದೆ. ಮೊದಲಿಂದಲೂ ನನಗೆ ಇದೇ ಬೇಕಿತ್ತು ಅನ್ನಿಸಲು ಶುರುವಾಗುತ್ತದೆ. ನೀವು ಎಷ್ಟು ಹಿಂದೆಮುಂದೆ ನೋಡಿದ್ದಿರಿ ಅನ್ನುವುದು ಪಟ್ಟಿಯಲ್ಲಿ ಉಳಿದಿರುತ್ತದೆ.

ಬದಲಾವಣೆಯನ್ನು ಹಿಡಿಯುವುದು

ನಾವು ಬದಲಾಗಿದ್ದೇವೆ ಅಂತ ಎಲ್ಲರೂ ಒಪ್ಪುತ್ತೇವೆ. ಇನ್ನೂ ಬದಲಾಗುತ್ತೇವೆ ಅನ್ನುವುದನ್ನು ಮಾತ್ರ ನಂಬುವುದಿಲ್ಲ. ಜೋರ್ಡಿ ಕ್ವಾಡ್‌ಬಾಕ್, ಡೇನಿಯಲ್ ಗಿಲ್ಬರ್ಟ್, ಟಿಮೋತಿ ವಿಲ್ಸನ್ 2013ರಲ್ಲಿ ಇದನ್ನೇ ತೋರಿಸಿದರು. 18ರಿಂದ 68 ವರ್ಷದೊಳಗಿನ 19,000ಕ್ಕೂ ಹೆಚ್ಚು ಜನರನ್ನು ಕೇಳಿ ನೋಡಿದಾಗ, ಕಳೆದ ಹತ್ತು ವರ್ಷದಲ್ಲಿ ತುಂಬಾ ಬದಲಾದೆ, ಮುಂದಿನ ಹತ್ತು ವರ್ಷದಲ್ಲಿ ಅಷ್ಟೇನೂ ಆಗಲ್ಲ ಎಂಬ ಉತ್ತರ ಎಲ್ಲ ವಯಸ್ಸಿನವರಿಂದಲೂ ಬಂತು. ಯಾವ ವಯಸ್ಸಿನಲ್ಲೇ ಕೇಳಿ, ನಾನು ಆಗಬೇಕಾದದ್ದೆಲ್ಲ ಆಗಿ ಮುಗಿದಿದೆ ಅಂತಲೇ ಅನ್ನಿಸುತ್ತದೆ.

ಇದಕ್ಕೊಂದು ಸುಲಭ ಅಭ್ಯಾಸ ಇದೆ. ವರ್ಷಕ್ಕೊಂದು ಸಲ, ದಿನಾಂಕ ಹಾಕಿ, ಹೀಗೆ ಶುರುವಾಗುವ ಕೆಲವು ಸಾಲು ಬರೆಯಿರಿ: ನಾನು ಯಾವತ್ತೂ ಬಿಟ್ಟುಕೊಡದ ವಿಷಯ. ನಾನು ಎಂದಿಗೂ ಕ್ಷಮಿಸದ ವಿಷಯ. ಇವರಿಲ್ಲದೆ ನಾನು ಬದುಕಲಾರೆ ಅನ್ನಿಸುವವರು. ನನ್ನ ಕೈಲಿ ಆಗದ ಕೆಲಸ. ಧೈರ್ಯವಾಗಿ, ಪೂರ್ತಿ ನಂಬಿ ಬರೆಯಿರಿ. ಮುಂದಿನ ವರ್ಷ ಅದನ್ನು ತೆರೆದು ಎಡಗಡೆ ಪುಟದಲ್ಲಿ ಉತ್ತರ ಕೊಡಿ.

ಉತ್ತರ ಹೇಗಿರಬೇಕು? ಬಲಗಡೆ ಹೀಗಿದೆ ಅಂದುಕೊಳ್ಳಿ: ‘ಅವನು ಆವತ್ತು ಎಲ್ಲರ ಮುಂದೆ ನಕ್ಕಿದ್ದನ್ನು ನಾನು ಸಾಯುವ ತನಕ ಮರೆಯಲ್ಲ.’ ಎಡಗಡೆ ‘ನಾನೆಷ್ಟು ಚಿಕ್ಕ ಮನಸ್ಸಿನವನಾಗಿದ್ದೆ’ ಎಂದು ಬರೆದರೆ ಅದು ಉತ್ತರ ಆಗುವುದಿಲ್ಲ, ಹಳೆಯ ನಿಮ್ಮನ್ನು ಬೈದಂತಾಯಿತು ಅಷ್ಟೇ. ಹೀಗೆ ಬರೆಯಿರಿ: ‘ಇದನ್ನು ಓದುವ ತನಕ ನೆನಪೇ ಇರಲಿಲ್ಲ. ಈಗ ಓದಿದಾಗ ಕಿವಿ ಬಿಸಿಯಾಯಿತು, ಹಾಗಾದರೆ ಪೂರ್ತಿ ಹೋಗಿಲ್ಲ. ಹೋದ ತಿಂಗಳು ಅವನು ಫೋನ್ ಮಾಡಿದಾಗ ಒಂದು ಗಂಟೆ ಮಾತಾಡಿದೆ.’ ಇಲ್ಲಿ ಇಬ್ಬರೂ ಇದ್ದಾರೆ. ಬರೆದವನ ನೋವು ಸುಳ್ಳಾಗಲಿಲ್ಲ, ಓದುವವನ ಇವತ್ತಿನ ಸ್ಥಿತಿಯೂ ಸುಳ್ಳಾಗಲಿಲ್ಲ. ಉತ್ತರಕ್ಕೂ ದಿನಾಂಕ ಹಾಕಿ, ಯಾಕೆಂದರೆ ಮುಂದೆ ಅದಕ್ಕೂ ಉತ್ತರ ಬರಬಹುದು.

ಹಳೆಯ ಕಾಲದ ನೆನಪು ಬರೆಯುವಾಗ

ಬರೆಯದೇ ಉಳಿದ ಹಳೆಯ ಸಂಗತಿಗಳೂ ಇರುತ್ತವೆ, ಬಾಲ್ಯ, ಹದಿಹರೆಯ. ವಯಸ್ಸಾದವರನ್ನು ಕೇಳಿದರೆ ಸುಮಾರು 10ರಿಂದ 30 ವರ್ಷದ ನಡುವಿನ ನೆನಪುಗಳೇ ಬೇರೆ ವಯಸ್ಸಿನವಕ್ಕಿಂತ ಜಾಸ್ತಿ ಬರುತ್ತವೆ. ಅನೇಕ ಸಂಗತಿಗಳು ಮೊದಲ ಸಲ ಆಗುವುದು ಆ ವಯಸ್ಸಿನಲ್ಲಿ ಎಂಬುದು ಇದಕ್ಕೆ ಕೊಡುವ ಕಾರಣಗಳಲ್ಲಿ ಒಂದು. ನೀವು ಈಗ ಆ ವಯಸ್ಸಿನಲ್ಲಿದ್ದರೆ ಧಾರಾಳವಾಗಿ ಬರೆಯಿರಿ. ದಾಟಿದ್ದರೆ, ಆ ವರ್ಷಗಳನ್ನು ಈಗ ಬರೆಯುವಾಗ ಮೂರು ಗುರುತು ಇಟ್ಟುಕೊಳ್ಳಿ: ಇದು ನನಗೆ ಚೆನ್ನಾಗಿ ನೆನಪಿದೆ, ಇದು ಯಾರೋ ಹೇಳಿ ಕೇಳಿದ್ದು, ಇದು ಫೋಟೊ ನೋಡಿ ಗೊತ್ತಾದದ್ದು. ಮೂರು ವರ್ಷಕ್ಕಿಂತ ಮುಂಚಿನ ನೆನಪು ಸಾಮಾನ್ಯವಾಗಿ ಯಾರಿಗೂ ಉಳಿದಿರುವುದಿಲ್ಲ. ತೊಟ್ಟಿಲಲ್ಲಿ ಮಲಗಿದ್ದು ನೆನಪಿದೆ ಅನ್ನಿಸಿದರೆ ಅದು ಬಹುಶಃ ಮನೆಯವರು ಹೇಳಿದ ಕತೆ. ಕತೆ ಅಂತ ಬರೆದರೂ ಅದರ ಬೆಲೆ ಕಡಿಮೆಯಾಗುವುದಿಲ್ಲ, ಹೇಳಿದವರ ಹೆಸರು ಪಕ್ಕದಲ್ಲಿ ಹಾಕಿ.

ಆ ದಿನ ಜೊತೆಗಿದ್ದವರು ಯಾರಾದರೂ ಇದ್ದರೆ ಕೇಳಿ. ಆದರೆ ಮೊದಲು ನಿಮ್ಮದನ್ನು ಬರೆದು, ಆಮೇಲೆ ಕೇಳಿ. ಮೊದಲೇ ಕೇಳಿದರೆ ಅವರ ನೆನಪು ನಿಮ್ಮದರೊಳಗೆ ಸೇರಿಕೊಂಡು, ಯಾವುದು ಯಾರದು ಅಂತ ಬಿಡಿಸಲು ಆಗುವುದಿಲ್ಲ. ಅವರದ್ದು ಬೇರೆ ಥರ ಇದ್ದರೆ ವಾದಕ್ಕೆ ಇಳಿಯಬೇಡಿ, ಎಡಗಡೆ ಪುಟದಲ್ಲಿ ಅದನ್ನೂ ಬರೆದುಕೊಳ್ಳಿ. ಒಂದೇ ಮಳೆಯ ಸಂಜೆ ಅಕ್ಕನಿಗೆ ಭಯದ್ದು, ತಮ್ಮನಿಗೆ ಆಟದ್ದು ಆಗಿರಬಹುದು.

ಬಿಟ್ಟುಹೋದರೆ

ಬಿಟ್ಟುಹೋಗುತ್ತದೆ. ಎಲ್ಲರಿಗೂ ಹಾಗೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು ಅಭ್ಯಾಸ ಕೂಡಿಬರಲು ಎಷ್ಟು ದಿನ ಬೇಕು ಎಂದು ನೋಡಿದಾಗ ಸರಾಸರಿ 66 ದಿನ ಎಂದು ಬಂತು. ಆದರೆ ಒಬ್ಬೊಬ್ಬರಿಗೆ ಒಂದೊಂದು ಥರ, 18 ದಿನದಿಂದ 254 ದಿನದವರೆಗೆ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಏನೂ ಆಗಿರಲಿಲ್ಲ. ಹಾಗಾಗಿ ತಿಂಗಳು ಬಿಟ್ಟುಹೋದರೂ ಬಿಟ್ಟ ದಿನಗಳನ್ನು ತುಂಬಲು ಕೂರಬೇಡಿ. ಇವತ್ತಿನ ದಿನಾಂಕ ಹಾಕಿ ಶುರು ಮಾಡಿ.

ಓದುವುದು ಯಾವಾಗ? ಬರೆದ ವಾರದಲ್ಲಿ ಬೇಡ, ಇನ್ನೂ ಬಿಸಿ ಇರುತ್ತದೆ. ಆರು ತಿಂಗಳಾದರೂ ಬಿಡಿ. ಓದಲು ಕೂತಾಗ ಪೂರ್ತಿ ಓದುವ ಹಟ ಬೇಡ. ಎಲ್ಲಿ ತಡೆದು ನಿಲ್ಲುತ್ತೀರೋ ಅಲ್ಲಿ ಉತ್ತರ ಬರೆಯಿರಿ, ಉಳಿದ ಪುಟ ಮಗುಚುತ್ತಾ ಹೋಗಿ. ಮನಸ್ಸು ಕುಗ್ಗಿರುವ ದಿನ ಹಳೆಯದನ್ನು ತೆರೆಯದಿರುವುದು ಒಳ್ಳೆಯದು, ಅಂಥ ದಿನ ಕಣ್ಣಿಗೆ ಬೀಳುವುದೆಲ್ಲ ಕುಗ್ಗಿದ ಸಾಲುಗಳೇ.

ಬೇರೆಯವರ ಕಣ್ಣು

ಯಾರಾದರೂ ಓದಿಬಿಟ್ಟರೆ ಅನ್ನುವ ಭಯ ಇದ್ದರೆ ಬರಹ ಸುಳ್ಳಾಗುತ್ತಾ ಹೋಗುತ್ತದೆ. ಜಾಗ ಭದ್ರವಾಗಿರಲಿ, ಫೋನಾದರೆ ಲಾಕ್ ಇರಲಿ, ಇನ್ನೊಂದು ಕಡೆ ನಕಲೂ ಇರಲಿ. ಇನ್ನೊಬ್ಬರು ನಂಬಿ ಹೇಳಿದ ಗುಟ್ಟನ್ನು ಅವರ ಹೆಸರಿನ ಸಮೇತ ಬರೆಯಬೇಡಿ. ಅದು ಅವರದು, ನಿಮ್ಮ ಪುಸ್ತಕದಲ್ಲಿ ಅವರ ಹೆಸರಿಗೆ ಒಂದು ಅಕ್ಷರ ಸಾಕು. ಟಿಪ್ಪಣಿ ಚೆನ್ನಾಗಿ ಬಂದಿದೆ, ಎಲ್ಲರಿಗೂ ತೋರಿಸಬೇಕು ಅನ್ನಿಸಿದರೆ ಬೇರೆ ಹಾಳೆಯಲ್ಲಿ ಹೊಸದಾಗಿ ಬರೆದು ಅಲ್ಲಿ ಬೇಕಾದಷ್ಟು ತಿದ್ದಿ. ಅದರಲ್ಲಿ ಬರುವವರಿಗೆ ಒಮ್ಮೆ ತೋರಿಸಿ, ಬೇಡ ಅಂದರೆ ಬಿಟ್ಟುಬಿಡಿ.

ಮೊದಲ ಪುಟದ ಒಳಬದಿಯಲ್ಲಿ ಎರಡು ಸಾಲು ಬರೆದಿಡಿ. ನಾನು ಇಲ್ಲದಾಗ ಇದನ್ನು ಯಾರು ತೆರೆಯಬಹುದು, ಯಾರೂ ತೆರೆಯದೆ ನಾಶ ಮಾಡಬೇಕಾದರೆ ಆ ಕೆಲಸ ಯಾರದು. ಆ ವ್ಯಕ್ತಿಗೆ ಈಗಲೇ ಹೇಳಿಡಿ, ಪುಸ್ತಕ ಎಲ್ಲಿದೆ ಅನ್ನುವುದನ್ನೂ ಸೇರಿಸಿ.